ಹೊಳೆ ಎಲ್ಲಿಯವರೆಗೆ ಬಂದಿತ್ತು?

ನಮ್ಮ ಕಡೆ 'ಪ್ರವಾಹ' ಅನ್ನುವುದು ಪೇಪರಿನ ಮಾತು. ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 'ಹೊಳಿ ಬಂತು' ಅನ್ನುತ್ತಾರೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಈ ಮಾತು ಆಡುವಾಗ ಅವಳ ದನಿಯಲ್ಲಿ ಗಾಬರಿ ಇರುತ್ತಿರಲಿಲ್ಲ. ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಅಣೆಕಟ್ಟು ಇನ್ನೂ ಕಟ್ಟಿರಲಿಲ್ಲ. ಮಳೆಗಾಲಕ್ಕೆ ಹೊಳೆ ಬರುವುದು, ದಂಡೆಯ ಹೊಲಕ್ಕೆ ಹೊಸ ಮಣ್ಣು ಹಾಕಿ ಇಳಿದು ಹೋಗುವುದು ಅವಳ ಲೆಕ್ಕದಲ್ಲಿ ನಾಗರ ಪಂಚಮಿ, ದಸರೆ ಬಂದು ಹೋದ ಹಾಗೆ.

ನಮ್ಮೂರು ಮಲಪ್ರಭೆಯ ದಂಡೆಯ ಮೇಲಿದೆ. ಗದಗ ಜಿಲ್ಲೆ, ಹೊಳೆಆಲೂರಿನ ಕಡೆ. ಹೆಸರು ಬೇಡ, ಆ ದಂಡೆಯ ಯಾವ ಊರಿಗೆ ಹೋದರೂ ಕಥೆ ಹೆಚ್ಚುಕಡಿಮೆ ಇದೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಹೊಳೆ ಇದು. ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಿಟ್ಟರೆ ರಾಮದುರ್ಗ ದಾಟಿ ನಮ್ಮನ್ನು ಹಾದು, ಪಟ್ಟದಕಲ್ಲು, ಐಹೊಳೆಯ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಮೆಣಸಗಿ ಹತ್ತಿರ ಬೆಣ್ಣೆಹಳ್ಳ ಬಂದು ಕೂಡುತ್ತದೆ. ಹೆಸರು ಮೆತ್ತಗಿದೆ, ಆದರೆ ಹಳ್ಳ ಮೆತ್ತಗಿಲ್ಲ. ಅದಕ್ಕೆ ಅಣೆಕಟ್ಟಿಲ್ಲ, ಗೇಟಿಲ್ಲ, ಇಷ್ಟು ನೀರು ಬಿಟ್ಟಿದ್ದೇವೆ ಅಂತ ಹೇಳುವವರೂ ಇಲ್ಲ. ಮೇಲೆ ಹುಬ್ಬಳ್ಳಿ, ನವಲಗುಂದದ ಕಡೆ ಎರೆಹೊಲದಲ್ಲಿ ಜೋರು ಮಳೆ ಬಿದ್ದರೆ ಸಾಕು, ನಮ್ಮಲ್ಲಿ ಹನಿ ಬೀಳದಿದ್ದರೂ ಹಳ್ಳ ತುಂಬಿ ಬರುತ್ತದೆ.

ನಾನು ಚಿಕ್ಕವಳಿದ್ದಾಗ ಈ ಹೊಳೆಯಲ್ಲಿ ನೀರು ನೋಡಿದ್ದಕ್ಕಿಂತ ಉಸುಕು ನೋಡಿದ್ದೇ ಜಾಸ್ತಿ. 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಬಂತು, ನೀರು ಕಾಲುವೆಗೆ ಹೋಯಿತು, ಹೊಳೆ ಒಣಗಿತು. ಒಣಗಿದ ಹೊಳೆಯಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಟ್ರ್ಯಾಕ್ಟರುಗಳು ಉಸುಕು ಹೇರಿಕೊಂಡು ಹೋದವು. ದಂಡೆಯ ಹೊಲದವರು ವರ್ಷಕ್ಕೆ ಒಂದು ಸಾಲು, ಎರಡು ಸಾಲು ಅಂತ ಮುಂದೆ ಮುಂದೆ ಉಳುತ್ತಾ ಹೋದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಅದರಲ್ಲಿ ನಮ್ಮ ಅಪ್ಪನೂ ಒಬ್ಬ. ಎದುರಿಗೆ ಖಾಲಿ ಮಣ್ಣು ಬಿದ್ದಿದೆ, ಮನೆಯಲ್ಲಿ ಮಕ್ಕಳು ಓದುತ್ತಿದ್ದಾರೆ. ಯಾರು ಬಿಡುತ್ತಾರೆ ಹೇಳಿ? ಹೀಗೆ ಒಂದು ಇಡೀ ತಲೆಮಾರು ಹೊಳೆಯನ್ನು ಹೊಲ ಅಂತಲೇ ನೋಡುತ್ತಾ ಬೆಳೆಯಿತು. ನಮ್ಮ ಓಣಿಯ ಹುಡುಗರಿಗೆ ಈಜು ಬರುತ್ತಿರಲಿಲ್ಲ. ಹೊಳೆ ದಂಡೆಯ ಊರಿನ ಹುಡುಗರಿಗೆ!

2009ರ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ನಾನಾಗ ಪಿಯುಸಿ ಎರಡನೇ ವರ್ಷ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಆದ್ದರಿಂದ ಮೊದಲ ದಿನದ ಮಳೆಗೆ ಎಲ್ಲರೂ ಖುಷಿಯಾಗಿದ್ದರು. ಎರಡನೇ ದಿನವೂ ನಿಲ್ಲಲಿಲ್ಲ. ಮೂರನೇ ದಿನ ರಾತ್ರಿ ಆಯಿ ನಿದ್ದೆ ಮಾಡಲಿಲ್ಲ. ಪಡಸಾಲೆಯಲ್ಲಿ ಕೂತು ಮೇಲೆ ನೋಡುತ್ತಿದ್ದಳು.

ನಮ್ಮ ಕಡೆಯ ಹಳೆಯ ಮನೆ ನೋಡದವರಿಗೆ ಇದನ್ನು ಹೇಳಬೇಕು. ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಒಂದು ಅಡಿಗೂ ಹೆಚ್ಚು ದಪ್ಪ ಮಣ್ಣು. ಈ ಮಣ್ಣಿನ ಛಾವಣಿಗೇ ಮಾಳಿಗೆ ಅನ್ನುವುದು. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ನಮ್ಮ ಬಿಸಿಲಿಗೆ ಇಂಥ ಮನೆ ಇನ್ನೊಂದಿಲ್ಲ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ, ತುಳಿದು, ನೀರು ಜಾರಿ ಹೋಗುವ ಹಾಗೆ ಮಾಡಬೇಕು. ಬರದ ವರ್ಷಗಳಲ್ಲಿ ಅದನ್ನು ಯಾರು ಮಾಡುತ್ತಾರೆ? ಮಳೆಯೇ ಇಲ್ಲದ ಮೇಲೆ ಮಾಳಿಗೆಗೆ ಮಣ್ಣು ಯಾಕೆ? ನಾವೂ ಎರಡು ಮೂರು ವರ್ಷ ಬಿಟ್ಟಿದ್ದೆವು.

"ಮ್ಯಾಳಿಗಿ ಭಾರ ಆಗೈತಿ. ಎಲ್ಲಾರೂ ಹೊರಗ ಬರ್ರಿ," ಅಂದಳು ಆಯಿ. ಅಪ್ಪ, "ಈ ಮಳಿಯಾಗ ಎಲ್ಲಿಗೆ ಹೋಗೂದು ಯವ್ವಾ?" ಅಂದ. ಅವಳು ಉತ್ತರ ಕೊಡಲಿಲ್ಲ. ನನ್ನ ಕೈ ಹಿಡಿದುಕೊಂಡು ಎದ್ದು ನಡೆದೇಬಿಟ್ಟಳು. ನಾವು ಹನುಮಪ್ಪನ ಗುಡಿಯ ಕಟ್ಟೆ ಸೇರಿ ಇನ್ನೂ ತಾಸಾಗಿರಲಿಲ್ಲ. ಹಿಂದಿನ ಓಣಿಯಲ್ಲಿ ಏನೋ ಕುಸಿದ ಸದ್ದು ಬಂತು. ಗುಡುಗಿನ ಹಾಗಲ್ಲ. ಒದ್ದೆ ಮೂಟೆ ಕೆಳಗೆ ಹಾಕಿದ ಹಾಗೆ, ಮೆಲ್ಲಗೆ, ಭಾರವಾಗಿ. ಬಿದ್ದದ್ದು ನಮ್ಮ ಮನೆಯಲ್ಲ. ಆದರೆ ಆ ಸದ್ದು ಬೆಳಗಿನವರೆಗೆ ಬೇರೆ ಬೇರೆ ಕಡೆಯಿಂದ ಕೇಳುತ್ತಲೇ ಇತ್ತು.

ಆ ಸಲ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಗೋಡೆ, ಮಾಳಿಗೆ ಬಿದ್ದು ಸತ್ತವರೇ ಅದರಲ್ಲಿ ಬಹಳ ಮಂದಿ. ಆಚೆ ಕರ್ನೂಲು, ಮಂತ್ರಾಲಯ ಮುಳುಗಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. ನಮ್ಮಂಥ ಊರುಗಳ ಮನೆಗಳು ನೋಡುವವರಿಲ್ಲದೆ ಕತ್ತಲಲ್ಲಿ ಕೂತಲ್ಲೇ ಕುಸಿದವು.

ಬೆಳಕು ಹರಿಯುವ ಹೊತ್ತಿಗೆ ಹೊಳೆ ಅಗಸಿಯ, ಅಂದರೆ ಊರಬಾಗಿಲಿನ, ಒಳಗೆ ಬಂದಿತ್ತು. ಎಲ್ಲ ಊರಿನ ಹಾಗೆ ನಮ್ಮೂರಲ್ಲೂ ತಗ್ಗಿನ ಜಾಗ ಯಾರದು ಅಂತ ಬೇರೆ ಹೇಳಬೇಕಿಲ್ಲ. ದಲಿತರ ಕೇರಿ, ಅಂಬಿಗರ ಓಣಿ. ಗೌಡರ ವಾಡೆ, ಮಠ, ದೊಡ್ಡ ಮನೆಗಳೆಲ್ಲ ದಿಬ್ಬದ ಮೇಲೆ. ನೂರಾರು ವರ್ಷದ ಹಿಂದೆ ಯಾರು ಎಲ್ಲಿ ಮನೆ ಕಟ್ಟಬಹುದು ಅಂತ ಯಾರೋ ತೀರ್ಮಾನ ಮಾಡಿದ್ದರು. ನೀರು ಅದೇ ತೀರ್ಮಾನದ ಪ್ರಕಾರ ಹತ್ತಿತು. ತಗ್ಗಿಗೆ ಮೊದಲು ಬಂತು, ಅಲ್ಲಿಂದಲೇ ಕೊನೆಗೆ ಹೋಯಿತು. ನೈಸರ್ಗಿಕ ವಿಕೋಪ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಈ ತಗ್ಗು, ದಿಬ್ಬ ನೆನಪಾಗುತ್ತದೆ. ಮಳೆ ನಿಸರ್ಗದ್ದು, ಒಪ್ಪುತ್ತೇನೆ. ತಗ್ಗಿನಲ್ಲಿ ಯಾರ ಮನೆ ಇರಬೇಕು ಅನ್ನುವುದು ಮನುಷ್ಯರು ಮಾಡಿದ್ದು.

ಅಂಬಿಗರ ಓಣಿಯಲ್ಲಿ ಒಬ್ಬ ಮುದುಕನಿದ್ದ. ಎಲ್ಲರೂ ಅವನನ್ನು ಕಾಕಾ ಅನ್ನುತ್ತಿದ್ದೆವು. ಅವನ ಹತ್ತಿರ ಊರಿನ ಕೊನೆಯ ಹರಗೋಲು ಇತ್ತು. ಹೊಳೆಯಲ್ಲಿ ನೀರಿಲ್ಲದಿದ್ದರೂ ಅವನು ಅದನ್ನು ವರ್ಷಕ್ಕೊಮ್ಮೆ ಇಳಿಸಿ ಡಾಂಬರು ಬಳಿದು ಇಡುತ್ತಿದ್ದ. ಯಾಕೆ ಅಂತ ಕೇಳಿದರೆ ಸುಮ್ನೆ ನಗುತ್ತಿದ್ದ. ಆ ದಿನ ಬೆಳಗಿನಿಂದ ಸಂಜೆಯವರೆಗೆ, ಒಂದೊಂದು ಸಲಕ್ಕೆ ಐದಾರು ಜನರಂತೆ, ಕೇರಿಯಿಂದ ಶಾಲೆಯ ದಿಬ್ಬಕ್ಕೆ ಅವನು ಹುಟ್ಟು ಹಾಕಿದ. ಬಾಣಂತಿಯರು, ಮುದುಕರು, ಆಮೇಲೆ ಉಳಿದವರು. ಸರ್ಕಾರದ ದೋಣಿ ಬಂದದ್ದು ಮರುದಿನ.

ಆದರೆ ಅವನಿಗೂ ಮಾಡಲಾಗದ ಒಂದು ಕೆಲಸ ಇತ್ತು. ಕೇರಿಯ ಒಬ್ಬ ದೊಡ್ಡವ್ವ ಹರಗೋಲು ಹತ್ತಲು ಒಪ್ಪಲೇ ಇಲ್ಲ. ಎದೆಯ ಹತ್ತಿರ ನೀರು ಬಂದರೂ ಎಮ್ಮೆಯ ಕಣ್ಣಿ ಹಿಡಿದುಕೊಂಡು ನಿಂತಿದ್ದಳು. "ಎಮ್ಮಿ ಬಿಟ್ಟು ನಾ ಬಂದು ಏನ್ ಮಾಡ್ಲಿ?" ಅಂತ ಒಂದೇ ಮಾತು. ಜನ ಆಮೇಲೆ ಅವಳದು ಹಟ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಅವಳಿಗೆ ಹೊಲ ಇಲ್ಲ. ಸಂಘದ ಸಾಲದಲ್ಲಿ ತಂದ ಎಮ್ಮೆ, ದಿನಕ್ಕೆ ನಾಲ್ಕು ಲೀಟರ್ ಹಾಲು, ಅದರಲ್ಲೇ ಕಂತು, ಅದರಲ್ಲೇ ಜೋಳ. ಎಮ್ಮೆ ಹೋದರೆ ಸಾಲ ಉಳಿಯುತ್ತದೆ. ಅವಳ ಲೆಕ್ಕ ಸರಿಯಾಗೇ ಇತ್ತು. ಕೊನೆಗೆ ಇಬ್ಬರು ಹುಡುಗರು ಕೊರಳ ಹಗ್ಗ ಹಿಡಿದು ಎಮ್ಮೆಯನ್ನು ಈಜಿಸಿಕೊಂಡು ಹೊರಟ ಮೇಲೆ ಅವಳು ಹರಗೋಲಿಗೆ ಕಾಲಿಟ್ಟಳು. ಎಮ್ಮೆಗೆ ಈಜು ಬರುತ್ತಿತ್ತು, ಅದೊಂದು ಪುಣ್ಯ.

ನೀರು ಇಳಿದ ಮೇಲಿನ ಒಂದು ವಾಸನೆ ನನ್ನ ಮೂಗಿನಲ್ಲಿ ಇವತ್ತಿಗೂ ಇದೆ. ನಮ್ಮ ಕಡೆ ಜೋಳ ಹಗೇವಿನಲ್ಲಿ ಇಡುತ್ತಿದ್ದರು. ನೆಲದ ಒಳಗೆ ತೋಡಿದ ಕಣಜ, ಮೇಲೆ ಮನುಷ್ಯ ಇಳಿಯುವಷ್ಟು ಬಾಯಿ. ಬರ ಬಂದರೆ ಅದೇ ಊರಿನ ಬ್ಯಾಂಕು. ಬರಕ್ಕೆ ಹೆದರಿ ಹಿರಿಯರು ಮಾಡಿದ ಉಪಾಯ ಅದು, ಎಷ್ಟೋ ಬರಗಳಲ್ಲಿ ಕಾಪಾಡಿದೆ. ಹೊಳೆ ಬಂದಾಗ ಮೊದಲು ಮುಳುಗಿದ್ದು ಅದೇ. ಎಂಟು ದಿನ ಬಿಟ್ಟು ಬಾಯಿ ತೆಗೆದಾಗ ಹುಳಿತ ಜೋಳದ ಘಾಟಿಗೆ ಇಡೀ ಓಣಿ ಮೂಗು ಮುಚ್ಚಿಕೊಂಡಿತು. ಅಪ್ಪ ಬುಟ್ಟಿ ಬುಟ್ಟಿ ಎತ್ತಿ ತಿಪ್ಪೆಗೆ ಹಾಕುತ್ತಿದ್ದ. ಅವ್ವ ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು, ಒಂದು ಕಾಳಾದರೂ ಗಟ್ಟಿ ಉಳಿದಿದೆಯಾ ಅಂತ. ಉಳಿದಿರಲಿಲ್ಲ.

ಅದಾದ ಮೇಲೆ ಆಸರೆ ಮನೆಗಳು ಬಂದವು. ಸರ್ಕಾರ ಜಾಗ ಕೊಟ್ಟಿತು, ದಾನಿಗಳು, ಕಂಪನಿಗಳು ದುಡ್ಡು ಹಾಕಿದರು, ನದಿಯಿಂದ ದೂರ ಎತ್ತರದ ಜಾಗದಲ್ಲಿ ಸಾಲು ಸಾಲು ಮನೆಗಳಾದವು. ನಮ್ಮೂರಿಗೂ ಬಂದವು. ಸಿಮೆಂಟಿನ ಗೋಡೆ, ಗಟ್ಟಿ ಛಾವಣಿ. ಕುಸಿದ ಮಾಳಿಗೆಯ ಕೆಳಗಿನಿಂದ ಎದ್ದು ಬಂದವರಿಗೆ ಅದು ಸಣ್ಣ ಮಾತಲ್ಲ. ಆದರೂ ಅರ್ಧ ಊರು ಹೋಗಲಿಲ್ಲ. ಹೋದವರಲ್ಲಿ ಕೆಲವರು ವಾಪಸ್ ಬಂದರು. ಕೊಟ್ಟದ್ದನ್ನು ಉಳಿಸಿಕೊಳ್ಳಲು ಬರುವುದಿಲ್ಲ ಈ ಜನಕ್ಕೆ ಅಂತ ಪೇಟೆಯವರು ಮಾತಾಡಿದ್ದನ್ನು ನಾನೇ ಬಸ್ಸಿನಲ್ಲಿ ಕೇಳಿದ್ದೇನೆ.

ಒಮ್ಮೆ ಆ ಮನೆಯ ಒಳಗೆ ಹೋಗಿ ನೋಡಬೇಕು. ಎರಡು ಕೋಣೆ, ಒಂದು ಅಡುಗೆ ಜಾಗ. ಎತ್ತು ಎಲ್ಲಿ ಕಟ್ಟಬೇಕು? ನಮ್ಮ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನದ ಜಾಗ, ಗ್ವಾದಲಿ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ. ದನ ಮತ್ತು ಮನುಷ್ಯ ಒಂದೇ ಮಾಳಿಗೆಯ ಕೆಳಗೆ. ಹೊಸ ಮನೆಯಲ್ಲಿ ದನಕ್ಕೆ ಜಾಗವಿಲ್ಲ, ಹೊಟ್ಟಿನ ಬಣವೆಗೆ ಜಾಗವಿಲ್ಲ, ಜೋಳದ ಚೀಲಕ್ಕೂ ಇಲ್ಲ. ಹೊಲಕ್ಕೆ ಎರಡು ಮೈಲಿ ಹೆಚ್ಚು ನಡಿಗೆ. ಇನ್ನೊಂದು ವಿಷಯ ಇದೆ. ಹಳೆಯ ಊರಲ್ಲಿ ಒಂದು ಮನೆ ನಂಬರಿನ ಕೆಳಗೆ ಮೂವರು ಅಣ್ಣತಮ್ಮಂದಿರು, ಮೂರು ಒಲೆ. ಹಕ್ಕುಪತ್ರ ಬಂದದ್ದು ಒಂದು ಮನೆಗೆ. ಯಾರು ಹೋಗಬೇಕು, ಯಾರು ಉಳಿಯಬೇಕು ಅಂತ ಎಷ್ಟು ಮನೆಗಳಲ್ಲಿ ಜಗಳ ಹತ್ತಿತೋ ಲೆಕ್ಕವಿಲ್ಲ. ಕೇಳಿ ಕಟ್ಟಿದ್ದರೆ ಇದನ್ನೆಲ್ಲ ನಮ್ಮ ಆಯಿಯೇ ಹೇಳುತ್ತಿದ್ದಳು, ಅರ್ಧ ತಾಸಿನಲ್ಲಿ.

ಆಮೇಲೆ ಮತ್ತೆ ಬರ. 2015ರಲ್ಲಿ ನರಗುಂದದಲ್ಲಿ ಮಹದಾಯಿ ನೀರಿಗಾಗಿ ಧರಣಿ ಶುರುವಾಯಿತು. ನಮ್ಮೂರಿನಿಂದಲೂ ಟ್ರ್ಯಾಕ್ಟರಿನಲ್ಲಿ ಜನ ಹೋಗಿ ಕೂತು ಬಂದರು. ಕುಡಿಯುವ ನೀರಿಗೆ ಬೀದಿಗಿಳಿದ ಜನಕ್ಕೆ ಹೊಳೆ ಬರುತ್ತದೆ ಅಂತ ಹೇಳಿದರೆ ಯಾರು ನಂಬುತ್ತಾರೆ? ಕಾಕಾ ತೀರಿಕೊಂಡ. ಅವನ ಹರಗೋಲಿಗೆ ಡಾಂಬರು ಬಳಿಯುವವರಿಲ್ಲದೆ ಹೊದಿಕೆ ಹರಿದುಹೋಯಿತು. ಬಿದಿರಿನ ಚೌಕಟ್ಟನ್ನು ಅವನ ಸೊಸೆ ಕೋಳಿ ಮುಚ್ಚಲು ಬಳಸುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ, ಬೋರಲು ಹಾಕಿದ ಹರಗೋಲಿನ ಎಲುಬುಗಳ ಸಂದಿಯಿಂದ ಮರಿಗಳು ಇಣುಕುತ್ತಿದ್ದವು.

2019ರ ಆಗಸ್ಟ್ ಮೊದಲ ವಾರ ಪಶ್ಚಿಮ ಘಟ್ಟದಲ್ಲಿ ಆಕಾಶವೇ ಹರಿದ ಹಾಗೆ ಮಳೆಯಾಯಿತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಏರಿದವು. ವರ್ಷಗಟ್ಟಲೆ ತುಂಬದ ನವಿಲುತೀರ್ಥ ತುಂಬಿತು, ಗೇಟು ತೆಗೆದರು. ಪಟ್ಟದಕಲ್ಲಿನ ಗುಡಿಗಳ ಒಳಗೆ ನೀರು ನಿಂತಿತು. ನಾನು ಧಾರವಾಡದಲ್ಲಿ ಮೇಷ್ಟರ ಕೆಲಸದಲ್ಲಿದ್ದೆ. ಫೋನಿಗೆ ತಾಸಿಗೊಂದು ಸಂದೇಶ. ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ, ಈಗ ಅಷ್ಟು ಸಾವಿರಕ್ಕೆ ಏರಿಸಿದ್ದಾರೆ. ಊರಿಗೆ ಫೋನು ಮಾಡಿ ಅದನ್ನೇ ಓದಿ ಹೇಳಿದೆ. ಆಯಿ ಫೋನು ಇಸಿದುಕೊಂಡು ಕೇಳಿದಳು: "ಅದೆಲ್ಲಾ ಇರ್ಲವಾ. ನೀರು ಅಗಸಿಗೆ ಬರ್ತೈತೋ, ಹನುಮಪ್ಪನ ಮೆಟ್ಟಲಕ್ಕ ಬರ್ತೈತೋ, ಅಷ್ಟ ಹೇಳು."

ನನಗೆ ಹೇಳಲಾಗಲಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಇದನ್ನೆಲ್ಲ ನಾನು ಮಕ್ಕಳಿಗೆ ಕಲಿಸುತ್ತೇನೆ. ಆದರೆ ಇಷ್ಟು ಕ್ಯೂಸೆಕ್ ಬಿಟ್ಟರೆ ನಮ್ಮ ಹನುಮಪ್ಪನ ಎಷ್ಟನೇ ಮೆಟ್ಟಿಲು ಮುಳುಗುತ್ತದೆ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಅಣೆಕಟ್ಟಿನಿಂದ ಬಿಟ್ಟ ನೀರು ನಮ್ಮೂರು ಮುಟ್ಟಲು ಸಮಯ ಹಿಡಿಯುತ್ತದೆ. ದನ ಬಿಚ್ಚಲು, ಜೋಳ ಎತ್ತಲು, ಮುದುಕರನ್ನು ದಿಬ್ಬಕ್ಕೆ ಸಾಗಿಸಲು ಆ ಕೆಲವು ತಾಸುಗಳೇ ನಮ್ಮ ಆಸ್ತಿ. ಅಂಕಿ ಸರಿಯಾಗಿ ಬಂದಿತ್ತು, ಹೊತ್ತಿಗೆ ಸರಿಯಾಗಿಯೂ ಬಂದಿತ್ತು. ಅದನ್ನು ಊರಿನ ಭಾಷೆಗೆ ತಿರುಗಿಸಿ ಹೇಳುವವರು ಇರಲಿಲ್ಲ. ಕೊನೆಗೆ ಆಯಿಯೇ ತೀರ್ಮಾನ ಮಾಡಿ ಡಂಗುರ ಹೊಡೆಸಲು ಹಿರಿಯರ ಮನೆಗೆ ಆಳು ಕಳಿಸಿದಳಂತೆ.

ಆ ಸಲ ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ. ಯಾಕೆ ಸಾಯಲಿಲ್ಲ ಅಂತ ಯೋಚಿಸಿದರೆ ಒಂದು ಕಾರಣ, ಪಾಳು ಬಿದ್ದಿವೆ ಅಂತ ಎಲ್ಲರೂ ಬೈಯುತ್ತಿದ್ದ ಆ ಆಸರೆ ಮನೆಗಳು. ಜನ ಅಲ್ಲಿ ವಾಸ ಮಾಡದಿದ್ದರೂ ಮೇವು ತುಂಬಿಟ್ಟಿದ್ದರು, ಈರುಳ್ಳಿ ಇಟ್ಟಿದ್ದರು. ಹೊಳೆ ಬಂದ ರಾತ್ರಿ ದನ ಹೊಡೆದುಕೊಂಡು ಸೀದಾ ಅಲ್ಲಿಗೇ ಹೋದರು. ಮೇವು ಅಲ್ಲೇ ಇತ್ತು ನೋಡಿ, ಯಾರೂ ಎಮ್ಮೆ ಹಿಡಿದುಕೊಂಡು ನೀರಲ್ಲಿ ನಿಲ್ಲಲಿಲ್ಲ. ಕೇರಿಯ ಆ ದೊಡ್ಡವ್ವ ಎಲ್ಲರಿಗಿಂತ ಮೊದಲು ಹೊರಟಿದ್ದಳಂತೆ. ಕಟ್ಟಿದವರು ಎಣಿಸಿದ್ದ ಉಪಯೋಗ ಬೇರೆ, ಜನ ಕಂಡುಕೊಂಡದ್ದು ಬೇರೆ.

ಬಾಂಗ್ಲಾದೇಶದಲ್ಲಿ ಇದನ್ನು ಬೇಗ ಅರ್ಥ ಮಾಡಿಕೊಂಡರು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. ಆಮೇಲೆ ಕರಾವಳಿಯಲ್ಲಿ ಎತ್ತರದ ಮಣ್ಣಿನ ದಿಬ್ಬಗಳನ್ನು ಹಾಕಿದರು. ಮುಜಿಬ್ ಕಿಲ್ಲಾ ಅನ್ನುತ್ತಾರೆ. ದನಗಳನ್ನೂ ಹೊಡೆದುಕೊಂಡು ಹೋಗಿ ನಿಲ್ಲುವ ಜಾಗ. ನಮ್ಮ ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನಿನಲ್ಲಿ ಹತ್ತಿರ ಹತ್ತಿರ 10,000 ಜನ ಹೋದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು, ಸತ್ತವರು 50ಕ್ಕಿಂತ ಕಡಿಮೆ. ನಡೆದು ಹೋಗುವಷ್ಟು ದೂರದಲ್ಲಿ ಆಶ್ರಯದ ಕಟ್ಟಡ, ಅದೇ ಊರಿನ ಹುಡುಗರಿಗೆ ತರಬೇತಿ, ವರ್ಷ ವರ್ಷ ಅಭ್ಯಾಸ. ಗಾಳಿ ಬರದ ವರ್ಷವೂ ಅಭ್ಯಾಸ ಬಿಡಲಿಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಕಾ ಡಾಂಬರು ಬಳಿಯುತ್ತಿದ್ದ ಹಾಗೆ.

2019ರಲ್ಲಿ ಜನ ಉಳಿದರು, ಮನೆ ಉಳಿಯಲಿಲ್ಲ. ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಬಂತು, ಗಂಜಿ ಕೇಂದ್ರ ತೆರೆದರು. ವಿಜಯಪುರದ ಕಡೆಯಿಂದ, ಧಾರವಾಡದ ಕಡೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಾಡಿಗಟ್ಟಲೆ ಬಂತು. ಗುರುತಿಲ್ಲದ ಓಣಿಯ ಹೆಂಗಸರು ರಾತ್ರಿಯೆಲ್ಲ ಕೂತು ಬಡಿದ ರೊಟ್ಟಿ. ಅದರ ಋಣ ತೀರಿಸಲು ಆಗುವುದಿಲ್ಲ. ಹಾಗೆಯೇ ಲಾರಿಗಟ್ಟಲೆ ಹಳೆ ಬಟ್ಟೆಯೂ ಬಂತು, ಅದು ರಸ್ತೆ ಬದಿಯಲ್ಲಿ ರಾಶಿ ಬಿದ್ದು ಮಳೆಗೆ ನೆನೆಯಿತು. ಕಳಿಸುವ ಮೊದಲು ಒಂದು ಫೋನು ಮಾಡಿ ಏನು ಬೇಕು ಅಂತ ಕೇಳಿದ್ದರೆ ಮೇವು ಕಳಿಸಿ ಅನ್ನುತ್ತಿದ್ದರು.

ಪರಿಹಾರ ದೊಡ್ಡದೇ ಇತ್ತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ರಾಜ್ಯ ಸರ್ಕಾರ ಹೇಳಿತು. ಕೇಂದ್ರದ ನಿಯಮದಲ್ಲಿ ಆಗ ಇದ್ದದ್ದು 95,100 ರೂಪಾಯಿ. ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಆದರೆ ಬಿದ್ದ ಮನೆಗಳಿಗೆ ಎ, ಬಿ, ಸಿ ಅಂತ ದರ್ಜೆ ಹಾಕಿದರು. ಎ ಅಂದರೆ ಪೂರ್ತಿ ಬಿದ್ದದ್ದು, ಸಿ ಅಂದರೆ ಕಡಿಮೆ ಹಾನಿ. ಮಣ್ಣಿನ ಗೋಡೆಯ ವಿಷಯ ಗೊತ್ತಿಲ್ಲದವರು ಬಂದು ನೋಡಿದರೆ, ನಿಂತಿರುವ ಗೋಡೆ ನಿಂತಿದೆ ಅಂತಲೇ ಬರೆಯುತ್ತಾರೆ. ನೀರು ಕುಡಿದ ಮಣ್ಣಿನ ಗೋಡೆ ಒಣಗುವಾಗ ಬೀಳುತ್ತದೆ. ನಮ್ಮ ಮನೆಗೆ ಸಿ ದರ್ಜೆ ಬರೆದುಕೊಂಡು ಹೋದರು. ಹದಿನೈದು ದಿನಕ್ಕೆ ಹಿತ್ತಲ ಗೋಡೆ ಮಲಗಿತು. ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು, ಉಳಿದದ್ದೂ ಹೋಯಿತು. ಲಾವಣಿ ಹಾಕಿಕೊಂಡು ಬೇರೆಯವರ ಹೊಲ ಮಾಡುವವರಿಗೆ ಬೆಳೆ ಪರಿಹಾರವೂ ಇಲ್ಲ, ಪಹಣಿಯಲ್ಲಿ ಅವರ ಹೆಸರಿಲ್ಲ. ಬೀಜ, ಗೊಬ್ಬರ, ಸಾಲ ಅವರದು. ದುಡ್ಡು ಪಹಣಿ ಇದ್ದವರ ಖಾತೆಗೆ. ಹೊಳೆಗಿಂತ ಇದು ನನ್ನನ್ನು ಜಾಸ್ತಿ ಸಿಟ್ಟಿಗೆಬ್ಬಿಸುತ್ತದೆ.

ಮುಂದಿನ ಬೇಸಿಗೆಗೆ ಕೊರೊನಾ ಲಾಕ್‌ಡೌನ್. ಬೆಂಗಳೂರು, ಗೋವಾ ಅಂತ ದುಡಿಯಲು ಹೋಗಿದ್ದ ಹುಡುಗರೆಲ್ಲ ಊರಲ್ಲಿ ಕೂತಿದ್ದರು. ನಾನೂ ಶಾಲೆ ಇಲ್ಲದೆ ಊರಲ್ಲೇ ಇದ್ದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ, 'ವರುಣ ಮಿತ್ರ'ಕ್ಕೆ ಫೋನು ಮಾಡಿದರೆ ಮಳೆಯ ಮಾಹಿತಿ ಕೊಡುತ್ತಾರೆ ಅಂತ ಹುಡುಗರಿಗೆ ಹೇಳುತ್ತಿದ್ದೆ. ನನ್ನ ತಮ್ಮ ಅಂದ, "ಅಕ್ಕಾ, ಅವರು ಮಳಿ ಹೇಳತಾರ. ನೀರು ಎಲ್ಲಿ ಬರ್ತೈತಿ ಅನ್ನೂದು ನಾವ ಬರದ ಇಡಬೇಕು." ಯಾರದೋ ಮನೆಯಲ್ಲಿ ಟ್ರ್ಯಾಕ್ಟರಿಗೆ ಹೊಡೆದು ಉಳಿದ ಕೆಂಪು ಬಣ್ಣ ಇತ್ತು.

ಅಗಸಿಯ ಕಲ್ಲು ಕಂಬ ಹಿಡಿದರು. 2019ರದು ಎಲ್ಲರಿಗೂ ನೆನಪಿತ್ತು, ಕಂಬದ ಮೇಲೆ ಕೆಸರಿನ ಗುರುತೂ ಇತ್ತು. ಅದಕ್ಕೊಂದು ಗೆರೆ. 2009ರದಕ್ಕೆ ಸ್ವಲ್ಪ ವಾದವಾಯಿತು. ಆಮೇಲೆ ಕಾಕಾನ ಸೊಸೆ ಬಂದು, ಮಾವ ಹರಗೋಲು ಕಟ್ಟಿದ್ದು ಕಂಬದ ಈ ಬಳೆಗೆ ಅಂತ ತೋರಿಸಿದಳು. ಅಲ್ಲಿಗೊಂದು ಗೆರೆ. ಆಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಕರೆದುಕೊಂಡು ಬಂದಿದ್ದೆವು. ಅವಳು ಎರಡೂ ಗೆರೆ ನೋಡಿ ತಲೆ ಅಲ್ಲಾಡಿಸಿದಳು. ಕೋಲು ಎತ್ತಿ ಇನ್ನೂ ಮೇಲೆ ತೋರಿಸಿದಳು. "ನಮ್ಮತ್ತಿ ಹೇಳತಿದ್ದರು. ಅವರ ಸಣ್ಣವರಿದ್ದಾಗ ಅಲ್ಲಿತನಕ ಬಂದಿತ್ತಂತ. ಹನುಮಪ್ಪನ ಮೊಣಕಾಲ ಮುಳಗಿತ್ತಂತ."

ಯಾವ ಇಸವಿ ಅಂತ ಕೇಳಿದೆವು. ಅವಳಿಗೆ ಗೊತ್ತಿರಲಿಲ್ಲ. ಒಬ್ಬ ಹುಡುಗ ಇನ್ನೊಬ್ಬನ ಹೆಗಲು ಹತ್ತಿ ನಿಂತು ಕೋಲು ತೋರಿಸಿದ ಕಡೆ ಮೂರನೇ ಗೆರೆ ಎಳೆದ. ಪಕ್ಕದಲ್ಲಿ ಇಸವಿಯ ಜಾಗ ಖಾಲಿ ಇತ್ತು. ಸ್ವಲ್ಪ ಹೊತ್ತು ಯೋಚನೆ ಮಾಡಿ, ಅಲ್ಲಿ 'ಆಯಿ ಹೇಳಿದ್ದು' ಅಂತ ಬರೆದ.